ಒರೆಯಿಂದ ತೆಗೆಯಬಾರದ ಖಡ್ಗ

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಇತಿಹಾಸವನ್ನು ರಕ್ಷಿಸುವವರು ಯಾರೂ ಇಲ್ಲವೆಂದು ಒಂದು ದಿನ ನನಗೆ ಇದ್ದಕ್ಕಿದ್ದಂತೆ ಮನವರಿಕೆಯಾಯಿತು. ಆದ್ದರಿಂದ ಆ ಹೊಣೆಯನ್ನು ನಾನೇ ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ.

ನನ್ನದು ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬಿಲ್ಲು ಕೊಡುವ ನೌಕರಿ. ಜನರು ಬಾಗಿಲು ತೆರೆಯುವುದು ಬೇಸರದಿಂದಲೇ ಆದರೂ, ತೆರೆದೇ ತೆರೆಯುತ್ತಾರೆ. ಹಾಗೆ ಕಲಾದಗಿಯ ಒಂದು ಹಳೆಯ ಮನೆಗೆ ಹೋದಾಗ, ಹೊರಗೋಡೆಯ ಮೀಟರಿಗೆ ಮಳೆ ಬೀಳದಿರಲೆಂದು ಮೇಲೆ ಏನೋ ಒಂದನ್ನು ಮೊಳೆ ಹೊಡೆದು ಕವುಚಿದ್ದು ಕಂಡಿತು. ನೋಡಿದರೆ ಬೆಂಡಿನ ಟೋಪಿ! ಬ್ರಿಟಿಷರ ಕಾಲದಲ್ಲಿ ಕುದುರೆಯ ಮೇಲೆ ಕೂತ ಸಾಹೇಬರು ತಲೆಗೆ ಹಾಕಿಕೊಳ್ಳುತ್ತಿದ್ದ ಅಸಲಿ ಟೋಪಿ. ಮನೆಯ ಅಜ್ಜಿಗೆ ಒಂದು ಹೊಸ ಪ್ಲಾಸ್ಟಿಕ್ ಬಕೆಟ್ ತಂದುಕೊಟ್ಟು ಟೋಪಿಯನ್ನು ಬಿಡಿಸಿಕೊಂಡು ಬಂದೆ.

ಮುಂದಿನ ವಾರ ಮಳೆ ಬಂತು. ಮೀಟರ್ ಸುಟ್ಟುಹೋಯಿತು. ಕಾರಣವನ್ನು ಪರಿಶೀಲಿಸಿ ವರದಿ ಸಲ್ಲಿಸಬೇಕಾದವನು ನಾನೇ. "ಪ್ರಕೃತಿ ವಿಕೋಪ" ಎಂದು ಬರೆದೆ.

ಎರಡನೆಯ ಟೋಪಿ ಸಿಕ್ಕಿದ್ದು ಇಳಕಲ್ಲಿನ ಒಂದು ಗುಜರಿ ಅಂಗಡಿಯಲ್ಲಿ. ಹಸಿರು ಬಣ್ಣದ, ಬೋರಲಾಗಿ ಬಿದ್ದಿದ್ದ ಗಟ್ಟಿ ಟೋಪಿ. "ಮಿಲ್ಟ್ರಿ ಮಾಲ್ರಿ ಇದು. ದೊಡ್ಡ ಲಡಾಯ್ಯಾಗಿಂದು," ಎಂದ ಅಂಗಡಿಯವನು. ರೊಕ್ಕ ಬೇಡ, ಬದಲಿಗೆ ಹಳೆಯ ಕಬ್ಬಿಣ ಇದ್ದರೆ ಕೊಡಿ ಎಂದ. ಇಷ್ಟು ಒಳ್ಳೆಯ ಮನುಷ್ಯ ಎಲ್ಲಿ ಸಿಗುತ್ತಾನೆ? ಮನೆಗೆ ಬಂದು ಚೀಲ ತುಂಬಿದೆ. ಮುರಿದ ಒಲೆ, ಕಾವಿಲ್ಲದ ಗುದ್ದಲಿ, ಬಾಗಿದ ಸರಳು. ಚೀಲ ಇನ್ನೂ ಹಗುರ ಅನ್ನಿಸಿತು. ಅಡುಗೆಮನೆಯ ಮೂಲೆಯಲ್ಲಿ ಕಾಲಿನಿಂದ ಮಣೆ ಒತ್ತಿ ಹಿಡಿದು ತರಕಾರಿ ಹೆಚ್ಚುವ ಹಳೆಯ ಈಳಿಗೆಯೊಂದಿತ್ತು. ಮಣೆ ಸೀಳಿತ್ತು, ಅಲಗು ಕಪ್ಪಗಾಗಿತ್ತು. ಅದನ್ನೂ ಹಾಕಿದೆ. ಬರುವಾಗ ಹೆಂಡತಿಗೆಂದು ಕೆಂಪು ಹಿಡಿಕೆಯ ಹೊಸ ಚಾಕು ತಂದೆ. ನಾನು ಅಷ್ಟು ಕಾಳಜಿಯುಳ್ಳ ಗಂಡ.

"ಈಳಗಿ ಎಲ್ಲಿ?" ಎಂದಳು ಗೌರಿ, ನನ್ನ ಹೆಂಡತಿ.

"ಹಳೇದಾಗಿತ್ತು. ಅದಕ್ಕ ನೋಡ, ಹೊಸಾ ಚಾಕು."

"ನಮ್ಮವ್ವ ಕೊಟ್ಟ ಈಳಗಿರಿ ಅದು! ಹದಿನೆಂಟ ವರ್ಸದಾಗ ಒಮ್ಮಿನೂ ಸಾಣಿ ಹಿಡಿಸಿದ್ದಿಲ್ಲ. ಅವ್ವ ಹ್ವಾದ ಮ್ಯಾಲೆ ಆಕಿ ಕೈಯಿಂದು ಅಂತ ನನ್ನ ಹತ್ರ ಇದ್ದಿದ್ದು ಅದೊಂದ."

ಆಮೇಲೆ ಅವಳು ಕೂಗಾಡಲಿಲ್ಲ. ಕೆಂಪು ಚಾಕುವಿನಿಂದ ಉಳ್ಳಾಗಡ್ಡಿಯನ್ನು ಹೆಚ್ಚದೆ ಜಜ್ಜಿದಳು. ಮರುದಿನ ಟೋಪಿಗೆ ಸೀಮೆಎಣ್ಣೆ ಹಾಕಿ ಉಜ್ಜಿದೆ. ಹಸಿರು ಬಣ್ಣ ಹೋಗಿ ಒಳಗಿನಿಂದ ಹಳದಿ ಬಂತು, ಹಳದಿಯ ಮೇಲೆ ಗ್ರಾನೈಟ್ ಗಣಿಯೊಂದರ ಹೆಸರು ಬಂತು. ಮಹಾಯುದ್ಧಕ್ಕೆ ಹೋಗಿದ್ದ ಟೋಪಿ ಅಲ್ಲ, ಕೆಂಪು ಕಲ್ಲು ಒಡೆಯಲು ಹೋಗಿದ್ದ ಟೋಪಿ!

ಆದರೂ ನಾನು ಎದೆಗುಂದಲಿಲ್ಲ. ಪಡಸಾಲೆಯ ಗಾಜಿನ ಕಪಾಟಿನಿಂದ ಗೌರಿಯ ಇಳಕಲ್ ಸೀರೆಗಳನ್ನು ಟ್ರಂಕಿಗೆ ವರ್ಗಾಯಿಸಿ, ಮೇಲಿನ ಎರಡು ಖಾನೆಗಳಲ್ಲಿ ಟೋಪಿಗಳನ್ನಿಟ್ಟು ಚೀಟಿ ಅಂಟಿಸಿದೆ. "ವಸ್ತು ಒಂದು: ಶಿರಸ್ತ್ರಾಣ, ಕಲಾದಗಿ. ವಸ್ತು ಎರಡು: ಶಿರಸ್ತ್ರಾಣ, ಇಳಕಲ್ಲು. ಇದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ." ವಿದ್ವಾಂಸರೆಂದರೆ ನಾನು ಮತ್ತು ಗೌರಿ. ಕೆಳಗಿನ ದೊಡ್ಡ ಖಾನೆ ಮಾತ್ರ ಖಾಲಿ ಉಳಿಯಿತು. ಅದಕ್ಕೆ ಒಂದು ಖಡ್ಗ ಬೇಕಿತ್ತು.

ಖಡ್ಗ ಎಲ್ಲಿದೆ ಎಂಬುದು ನನಗೆ ಮದುವೆಯ ದಿನದಿಂದಲೂ ಗೊತ್ತಿತ್ತು. ಬಾದಾಮಿಯಲ್ಲಿ, ನನ್ನ ಮಾವನವರ ದೇವರಮನೆಯಲ್ಲಿ. ಅವರ ಪೂರ್ವಜರು ಯಾವುದೋ ದಂಡಿನಲ್ಲಿ ಹಿಡಿದಿದ್ದ ಖಡ್ಗವಂತೆ. ಪ್ರತಿವರ್ಷ ದಸರೆಯ ಆಯುಧಪೂಜೆಯ ದಿನ, ಖಂಡೇನವಮಿಗೆ, ಅದಕ್ಕೆ ಪೂಜೆ. ಆದರೆ ಒಂದು ಕಟ್ಟಳೆ: ಅದನ್ನು ಒರೆಯಿಂದ ಹೊರಗೆ ತೆಗೆಯುವಂತಿಲ್ಲ. ತೆಗೆದರೆ ಅದು ರಕ್ತ ಕೇಳುತ್ತದೆ! ಮಾವನವರು ನಿವೃತ್ತ ಕನ್ನಡ ಶಾಲೆ ಮಾಸ್ತರರು. ಸುಳ್ಳು ಹೇಳಬಾರದೆಂದು ಜೀವನವಿಡೀ ಮಕ್ಕಳಿಗೆ ಕಲಿಸಿದವರು. ಅವರ ಮಾತನ್ನು ಇಡೀ ಓಣಿ ನಂಬಿತ್ತು.

ನವಮಿಗೆ ಒಂದು ತಿಂಗಳಿರುವಾಗ ಬಾದಾಮಿಗೆ ಹೋಗಿ, ನಾಲ್ಕು ಜನ ನೆಂಟರು ಕೂತಿದ್ದಾಗಲೇ ಕೇಳಿದೆ. ಅಳತೆ ತೆಗೆದು, ಫೋಟೋ ಹೊಡೆದು, ಹಬ್ಬಕ್ಕೆ ಮುಂಚೆ ತಂದು ಕೊಡುತ್ತೇನೆ ಎಂದೆ. ಮಾವನವರ ಮುಖ ಬಿಳಚಿಕೊಂಡಿತು. ಮನೆತನದ ಮೇಲಿನ ಅಭಿಮಾನ ಎಂದುಕೊಂಡೆ.

"ಒಯ್ಯಿರಿ ಅಳ್ಯಾರ. ನಿಮಗ ಹೆಂಗ ಇಲ್ಲ ಅನ್ಲಿ? ಆದ್ರ ಒರಿಯೊಳಗಿಂದ ಮಾತ್ರ ತೆಗೀಬ್ಯಾಡ್ರಿ. ನನ್ನ ಮ್ಯಾಲೆ ಆಣಿ ಮಾಡ್ರಿ."

ಆಣೆ ಮಾಡಿದೆ. ಜೊತೆಗೆ ಬಂದಿದ್ದ ಗೌರಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಈಳಗಿ ಹ್ವಾತು, ಹ್ವಾಗಲಿ. ಇದಕ್ಕೇನರ ಆದ್ರ ನಾ ತವರಮನಿ ಹೊಸ್ತಿಲಾ ತುಳಿಯಾಕ ಆಗಂಗಿಲ್ಲ. ನೆನಪ ಇರ್ಲಿ."

ಗೌರಿ ಎರಡು ದಿನ ತವರಿನಲ್ಲೇ ಉಳಿದಳು. ನಾನು ಖಡ್ಗವನ್ನು ಚಾಪೆಯಲ್ಲಿ ಸುತ್ತಿ ಬಸ್ಸು ಹತ್ತಿದೆ.

"ಏನ್ರಿ ಅದು?" ಎಂದ ಕಂಡಕ್ಟರ್.

"ಚಾಪಿ."

"ಚಾಪಿಗೆ ಹಿಡಿಕಿ ಯಾಕೈತ್ರಿ?"

"ಛತ್ರಿನೂ ಐತಿ ಒಳಗ."

ಆ ಗಳಿಗೆಗೆ ಸರಿಯಾಗಿ ಮಳೆ ಶುರುವಾಯಿತು. ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಛತ್ರಿಯಿರುವ ಮನುಷ್ಯ ಹೇಗೆ ತೋಯ್ದುಕೊಂಡು ಹೋಗುತ್ತಾನೆಂದು ಕಂಡಕ್ಟರ್ ಕಿಟಕಿಯಿಂದ ಕಣ್ಣು ಕೀಳದೆ ನೋಡಿದ.

ಎರಡು ದಿನ ಆಣೆಯನ್ನು ಪಾಲಿಸಿದೆ. ಮೂರನೆಯ ದಿನ ಚೀಟಿ ಬರೆಯಲು ಕೂತೆ. "ಅಲಗಿನ ಉದ್ದ" ಎಂದು ಬರೆದು ಮುಂದೆ ಏನು ಬರೆಯಲಿ? "ಗೊತ್ತಿಲ್ಲ" ಎಂದೇ? ಸಂಗ್ರಹಕಾರನಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ. ಶನಿವಾರ ಗೌರಿ ತುಳಸಿಗೇರಿ ಹನಮಪ್ಪನ ದರ್ಶನಕ್ಕೆ ಹೋದಳು. ನಾನು ಬಾಗಿಲು ಹಾಕಿಕೊಂಡೆ. ಇತಿಹಾಸಕ್ಕೋಸ್ಕರ ಒಂದೇ ಒಂದು ಸಲ, ಒಂದು ಗೇಣು ತೆಗೆದು ನೋಡಿ ಮತ್ತೆ ಇಡುವುದು. ಎಷ್ಟು ಎಳೆದರೂ ಬರಲಿಲ್ಲ. ಕುಸುಬಿ ಎಣ್ಣೆ ಬಿಟ್ಟೆ. ಬರಲಿಲ್ಲ. ತಂಬಿಗೆ ತುಂಬ ಕುದಿಯುವ ನೀರನ್ನು ಒರೆಯ ಬಾಯಿಗೆ ಹೊಯ್ದು, ಒರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಹಲ್ಲು ಕಚ್ಚಿ ಜಗ್ಗಿದೆ. ಪಟ್!

ನಾನು ಹಿಂದಕ್ಕೆ ಬಿದ್ದೆ. ಕೈಯಲ್ಲಿ ಹಿಡಿಕೆ ಇತ್ತು. ಬರೀ ಹಿಡಿಕೆ!

ಅಲಗು ಒಳಗೇ ಉಳಿಯಿತೆಂದು ಒರೆಯನ್ನು ಬೋರಲು ಹಿಡಿದು ಜಾಡಿಸಿದೆ. ಎಣ್ಣೆ ಬಂತು, ನೀರು ಬಂತು, ಕೊನೆಗೆ ಸರ್ರನೆ ಜಾರಿ ನೆಲದ ಮೇಲೆ ಬಿತ್ತು ಒಂದು ಬಿದಿರಿನ ಸೀಳು.

ಅಷ್ಟರಲ್ಲಿ ಗೌರಿ ತೆಂಗಿನಕಾಯಿಯ ಪ್ರಸಾದ ಹಿಡಿದು ಬಂದು ಬಾಗಿಲು ಬಡಿದಳು. ಒಳಗೆ ಬಂದವಳು ಹಿಡಿಕೆ ನೋಡಿದಳು, ಬಿದಿರು ನೋಡಿದಳು, ನನ್ನನ್ನು ನೋಡಿದಳು.

"ತಲವಾರ ಎಲ್ಲಿ?"

"ಇದ ತಲವಾರ. ಒಳಗ ಇದ ಇತ್ತು. ನಿನ್ನಾಣಿ!"

"ಮೊನ್ನಿ ನಮ್ಮಪ್ಪನ ಆಣಿ ಮಾಡಿದ್ರಿ. ಅದ ಏನಾತು ಕಾಣಾಕತ್ತೈತಿ. ಖರೆ ಹೇಳ್ರಿ, ಯಾರಿಗೆ ಕೊಟ್ರಿ? ಇಳಕಲ್ಲಿನ ಗುಜರಿಯಾಂವಗೇನು?"

ಹದಿನೆಂಟು ವರ್ಷ ಜೊತೆಗೆ ಬಾಳಿದವಳೇ ನಂಬಲಿಲ್ಲ. ಉಳಿದವರು ನಂಬುವರೇ? ನಾನು ಇಡೀ ಪ್ರಕರಣವನ್ನು ನಿಷ್ಪಕ್ಷಪಾತವಾಗಿ ವಿಚಾರಣೆಗೆ ಒಳಪಡಿಸಿದೆ. ಹಳೆಯ ಖಡ್ಗಗಳ ಹುಚ್ಚು ಹಿಡಿದ ಅಳಿಯ. ಖಡ್ಗ ಬೇಡಿದ, ಒಯ್ದ, ಬಿದಿರು ತಂದ. ತೀರ್ಪು ಕೊಡುವ ಜಾಗದಲ್ಲಿ ನಾನಿದ್ದಿದ್ದರೆ ನನ್ನನ್ನು ಅಲ್ಲೇ ಜೈಲಿಗೆ ಕಳಿಸುತ್ತಿದ್ದೆ! ನನಗೆ ನಿಜವಾಗಿಯೂ ಅಳು ಬಂತು. ಟೋಪಿ ನಕಲಿಯಾದರೆ ನಗಬಹುದು. ಹೆಂಡತಿಯ ತವರಿನಲ್ಲಿ ಕಳ್ಳ ಅನ್ನಿಸಿಕೊಂಡರೆ ಬದುಕುವುದು ಹೇಗೆ?

ಹೊಸ ಅಲಗು ಮಾಡಿಸಿ ಒಳಗೆ ಸೇರಿಸೋಣವೆಂದು ಗುಡೂರಿನ ಕಮ್ಮಾರನ ಹತ್ತಿರ ಹೋದೆ. ಕುಲುಮೆಯ ಸುತ್ತ ಕಳೆ ತೆಗೆಯುವ ಕುರ್ಪಿಗಳನ್ನು ಹರಿತ ಮಾಡಿಸಲು ಬಂದ ಹತ್ತು ಮಂದಿ ಕೂತಿದ್ದರು. ನಾನು ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಆತ ಗಟ್ಟಿಯಾಗಿ ಕೇಳಿದ: "ತಲವಾರೇನ್ರಿ? ಯಾರನ್ನ ಕಡೀಬೇಕಾಗೇತ್ರಿ ಸಾಹೇಬ್ರ?" ಹತ್ತೂ ತಲೆಗಳು ತಿರುಗಿದವು. ಅವರಲ್ಲಿ ಒಬ್ಬ ಗುರುತು ಹಿಡಿದ. "ಏ, ಇವ್ರು ಕರೆಂಟಿನ ಬಿಲ್ ಕೊಡೋರಲ್ಲ? ಬಿಲ್ ತುಂಬಲಿಲ್ಲಂದ್ರ ಈಗ ಹಿಂಗೇನ್ರಿ?" ಆ ತಿಂಗಳು ಗುಡೂರಿನಲ್ಲಿ ಎಲ್ಲರೂ ದಿನಕ್ಕೆ ಮುಂಚೆಯೇ ಬಿಲ್ಲು ತುಂಬಿದರೆಂದು ಕಚೇರಿಯಲ್ಲಿ ನನ್ನನ್ನು ಹೊಗಳಿದರು.

ಉಳಿದದ್ದು ಅಂಟು. ಎರಡು ಟ್ಯೂಬು ಕಲಸಿ ಹಚ್ಚುವ ಅಂಟು ತಂದು ಬಿದಿರನ್ನು ಒಳಗಿಟ್ಟು ಹಿಡಿಕೆ ಕೂರಿಸಿದೆ. ಬೆಳಿಗ್ಗೆ ನೋಡಿದರೆ ಹಿಡಿಕೆ ಹಿಂದುಮುಂದಾಗಿತ್ತು! ಕಿತ್ತು ಮತ್ತೆ ಅಂಟಿಸಿದೆ. ಈ ಸಲ ಹಿಡಿಕೆ ನೆಟ್ಟಗೆ ಕೂತಿತು, ಆದರೆ ನನ್ನ ಕರವಸ್ತ್ರದ ಒಂದು ಮೂಲೆಯೂ ಜೊತೆಗೆ ಕೂತಿತು. ಕತ್ತರಿಸಿ, ಮೇಲೆ ಅರಿಷಿಣ ಕುಂಕುಮ ಬಳಿದೆ. ಭಕ್ತಿಯಿಂದ ಮುಚ್ಚಲಾಗದ ತಪ್ಪು ಇಲ್ಲ ಎಂದು ಅವತ್ತು ನಂಬಿದ್ದೆ.

ಖಂಡೇನವಮಿಯ ದಿನ ಬಾದಾಮಿಯಲ್ಲಿ ಮಣೆಯ ಮೇಲೆ ಗೋದಿ ಹರವಿ ಖಡ್ಗವನ್ನಿಟ್ಟರು. ಅದರ ಸುತ್ತ ಕುಡಗೋಲು, ಕುರ್ಪಿ, ಟ್ರ್ಯಾಕ್ಟರಿನ ಪಾನಾ ಮತ್ತು ನನ್ನ ಬಿಲ್ಲಿನ ಮಷೀನು. ಎಲ್ಲದಕ್ಕೂ ಚೆಂಡುಹೂವು. ಓಣಿಯ ಮಂದಿಯೆಲ್ಲ ಸೇರಿದ್ದರು. ಮಾವನವರು ಖಡ್ಗವನ್ನು ಮುಟ್ಟಿ ನಮಸ್ಕರಿಸಿದವರು ಹಿಡಿಕೆಯ ಬುಡವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆದರೆ ಅವರು ಮಂದಿಗೆ ಹೇಳಿದ್ದು ಬೇರೆ: "ನಮ್ಮ ಅಳ್ಯಾರು ಇಂಥಾ ಸಾಮಾನಿನ್ಯಾಗ ಭಾಳ ತಿಳದವರು."

ಪಕ್ಕದ ಮನೆಯ ಫಕೀರಪ್ಪನವರು ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಅವರು ಮುಂದೆ ಬಂದರು. "ಏನ್ರಿ ಮಾಸ್ತರ, ವರ್ಸಾ ಬರೇ ಒರಿಗೆ ಪೂಜಿ ಮಾಡ್ತೀರಿ. ಒಮ್ಮೆರ ತಲವಾರಕ್ಕ ಮಾಡ್ರಿ! ರಕ್ತ ಕೇಳಿದ್ರ ನನ್ನ ಬೆರಳಿಂದ ಎರಡ ಹನಿ ಕೊಡ್ತೇನಿ, ತಗೋರಿ!" ಎನ್ನುತ್ತ ಹಿಡಿಕೆಗೆ ಕೈ ಹಾಕಿಯೇಬಿಟ್ಟರು.

"ಬ್ಯಾಡ!"

ಕೂಗಿದ್ದು ನಾನು. ಆದರೆ ಎರಡು ಧ್ವನಿ ಕೇಳಿಸಿದವು. ಇನ್ನೊಂದು ಮಾವನವರದು. ಇಬ್ಬರೂ ಒಟ್ಟಿಗೇ ಖಡ್ಗದ ಮೇಲೆ ಬಿದ್ದಿದ್ದೆವು. ಅವರ ಮೂಗಿಗೆ ಗೋದಿ ಹತ್ತಿತ್ತು, ನನ್ನ ಮೊಣಕೈ ದೀಪದ ಎಣ್ಣೆಯಲ್ಲಿತ್ತು. ಅಷ್ಟು ಹತ್ತಿರದಿಂದ ಒಬ್ಬರ ಕಣ್ಣು ಒಬ್ಬರು ನೋಡಿದೆವು. ಫಕೀರಪ್ಪನವರು ಹೆದರಿ ಕೈ ಬಿಟ್ಟರು. "ಖರೇನ ಏನೋ ಶಕ್ತಿ ಐತಿ ಬಿಡ್ರಿ," ಎಂದರು.

ಊಟವಾದ ಮೇಲೆ ಮಾವನವರು ನನ್ನನ್ನು ಹಿತ್ತಲಿಗೆ ಕರೆದರು. ಆಕಡೆ ಈಕಡೆ ನೋಡಿ ಮೆಲ್ಲಗೆ ಕೇಳಿದರು: "ನೀವು ಏನ್ ಹಚ್ಚಿ ಅಂಟಿಸಿದ್ರಿ?"

"ಎರಡು ಟ್ಯೂಬಿಂದ ಬರ್ತೈತಲ್ರಿ ಮಾವಾರ, ಅದು."

"ಚಲೋ ಹಿಡದೈತಿ. ನಾ ಆವಾಗ ಅರಗು ಹಚ್ಚಿದ್ದೆ."

ನಾನು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತೆ. ಅವರು ಎಲ್ಲವನ್ನೂ ಹೇಳಿದರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮುಂದೆ ಪೌರುಷ ತೋರಿಸಲು ಒರೆಯಿಂದ ಎಳೆದು ಬೀಸಿದರಂತೆ. ಕಂಬಕ್ಕೆ ಬಡಿದು ಅಲಗು ಹಿಡಿಕೆಯ ಹತ್ತಿರ ಮುರಿಯಿತಂತೆ. ತಂದೆಯ ಹೆದರಿಕೆಗೆ ಬಿದಿರು ಸೇರಿಸಿ ಅರಗು ತುಂಬಿ, ರಕ್ತ ಕೇಳುತ್ತದೆಂಬ ಕಥೆ ಹುಟ್ಟಿಸಿದರಂತೆ.

ನಾನು ಕಳ್ಳನಲ್ಲ! ಎದೆಯ ಮೇಲಿನ ಕಲ್ಲು ಇಳಿಯಿತು. ಆ ಸಂತೋಷದಲ್ಲಿ ಕೇಳಬಾರದ ಪ್ರಶ್ನೆ ಕೇಳಿದೆ. "ಮತ್ತ ಆ ಅಸಲಿ ಅಲಗು?"

"ಅದನ್ನ ಒಗೀಲಿಕ್ಕೆ ಮನಸಾಗಲಿಲ್ಲ ನೋಡ್ರಿ. ಭಾರೀ ಉಕ್ಕು. ಕಮ್ಮಾರಗ ಕೊಟ್ಟು ತುಂಡು ಮಾಡಿ ನಿಮ್ಮ ಅತ್ತಿಯವ್ರಿಗೆ ಒಂದು ಈಳಗಿ ಮಾಡಿಸಿಕೊಟ್ಟೆ. ಗೌರಿ ಸಂಸಾರ ಹೂಡೂಮುಂದ ಆಕಿ ಅದನ್ನ ಮಗಳಿಗೆ ಕೊಟ್ಲು. ಅದು ನಿಮ್ಮ ಮನ್ಯಾಗ ಐತಲ್ರಿ!"

ಹಿಂದೆ ಸಪ್ಪಳವಾಯಿತು. ಗೌರಿ ಎರಡು ಕಪ್ಪು ಚಹಾ ಹಿಡಿದು ನಿಂತಿದ್ದಳು. ಕಪ್ಪುಗಳನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಬಾದಾಮಿಯಿಂದ ಬಾಗಲಕೋಟೆಯವರೆಗೆ ಒಂದು ಮಾತೂ ಆಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಎರಡು ಸಲ ಕಣ್ಣು ಒರೆಸಿಕೊಂಡಳು. ಅವಳು ಬೈದಿದ್ದರೆ ನಾನು ಬದುಕುತ್ತಿದ್ದೆ.

ವಿಜಯದಶಮಿ ಮುಗಿದ ಮರುದಿನ ಮೊದಲ ಬಸ್ಸಿಗೆ ಇಳಕಲ್ಲಿಗೆ ಓಡಿದೆ. ಗುಜರಿಯವನು ನನ್ನ ಕೈಗೆ ಬನ್ನಿ ಎಲೆ ಇಟ್ಟು "ಬಂಗಾರದಂಗ ಇರೂಣ್ರಿ" ಎಂದ. ಈಳಿಗೆಯ ಸುದ್ದಿ ಎತ್ತಿದೆ.

"ಆ ಕರೀ ಈಳಗಿನಾ? ಹಳೇ ತಲವಾರ, ಟೋಪಿ ಕೂಡ್ಸಾಂವ ಒಬ್ಬಾಂವ ಬಂದಿದ್ರಿ. ಆ ಅಲಗು ನೋಡಿದ್ದ ತಡ, ಎದಿಗೆ ಅವಚಿಕೊಂಡು ಒಯ್ದ. ಎಲ್ಲಿಯಾಂವೋ ಏನೋ, ಹೆಸರೂ ಹೇಳ್ಲಿಲ್ಲ. ಆದ್ರ ಭಾಳ ತಿಳದಾಂವ ಇದ್ದ ಬಿಡ್ರಿ!"

ಮನೆಗೆ ಬಂದು ಕಪಾಟಿನ ಮುಂದೆ ನಿಂತೆ. ಮೇಲೆ ಸಾಹೇಬನ ಟೋಪಿ, ಅದರ ಕೆಳಗೆ ಕಲ್ಲು ಒಡೆಯುವವನ ಟೋಪಿ. ಅದರ ಕೆಳಗೆ ಖಾಲಿ ಖಾನೆ, ಅದಕ್ಕೆ ನಾನೇ ಚಂದದ ಅಕ್ಷರದಲ್ಲಿ ಬರೆದ ಚೀಟಿ: "ವಸ್ತು ಮೂರು. ಅಲಗಿನ ಉದ್ದ:"

ಗೌರಿ ಹಿಂದೆ ಬಂದು ನಿಂತಳು. ಎರಡು ದಿನಗಳ ನಂತರದ ಮೊದಲ ಮಾತು.

"ಸಿಗಲಿಲ್ಲೇನು?"

"ಇಲ್ಲ."

ಅವಳು ಕೆಳಗಿನ ಖಾನೆಯತ್ತ ಕೈ ತೋರಿಸಿದಳು. "ಹಂಗ ಖಾಲಿ ಯಾಕ ಬಿಡ್ತೀರಿ? ನೀವ ಒಳಗ ಕುಂದರ್ರಿ."

ಅವಳು ಅಡುಗೆಮನೆಗೆ ಹೋದಳು. ಕೆಂಪು ಚಾಕುವಿನಿಂದ ಉಳ್ಳಾಗಡ್ಡಿ ಜಜ್ಜುವ ಸದ್ದು ಬಂತು. ನಾನು ಟೇಪು ಹಿಡಿದು ಖಾನೆಯ ಅಳತೆ ತೆಗೆದು ನೋಡಿದೆ. ಮೊಣಕಾಲು ಮಡಚಿ, ತಲೆ ತಗ್ಗಿಸಿದರೆ ಸರಿಯಾಗಿ ಹಿಡಿಯುತ್ತೇನೆ.