ಎಬ್ಬಿಸುವ ಪಾಠ

ಮಕ್ಕಳಿಗೆ ನಾವು ಹೇಳಿದ್ದು ಹತ್ತುವುದಿಲ್ಲ, ಮಾಡಿದ್ದು ಹತ್ತುತ್ತದೆ. ೧೯೬೦ರ ಸುಮಾರಿಗೆ ಇಂಡಿ ತಾಲೂಕಿನ ಒಂದು ಹಳ್ಳಿಗೆ ಹಂಗಾಮಿ ಮಾಸ್ತರನಾಗಿ ಹೋದಾಗಿನಿಂದ ಈ ಸತ್ಯ ಪೀಡೆಯಂತೆ ನನ್ನ ಬೆನ್ನು ಬಿಟ್ಟಿಲ್ಲ.

೧. ಕುಂಟುಗಾಲು

ಎರಡನೇ ಇಯತ್ತೆಯಲ್ಲಿದ್ದ ಬಡಗಿಯ ಮಗಳು ಒಂದು ಸೋಮವಾರ ಕುಂಟುತ್ತ ಬಂದಳು. ಬಿದ್ದಿರಲಿಲ್ಲ, ಮುಳ್ಳೂ ಚುಚ್ಚಿರಲಿಲ್ಲ. ನಾಲ್ಕು ದಿನವಾದರೂ ಕುಂಟುವುದು ನಿಲ್ಲದಾಗ ಬಡಗಿ ಅವಳನ್ನು ಎಲುಬು ಕೂಡಿಸುವ ಚಾಚಾನ ಹತ್ತಿರ ಕರೆದೊಯ್ದ. ಅಜ್ಜಿಯೂ ಹೊರಟಳು, ನಾನೂ ಹೋದೆ. ಚಾಚಾ ಹುಡುಗಿಯ ಕಾಲು ತಿರುವಿ ನೋಡಿದ. ಆಮೇಲೆ ಹಿಂದಿನಿಂದ ಕುಂಟುತ್ತ ಒಳಗೆ ಬಂದ ಅಜ್ಜಿಯನ್ನು ನೋಡಿದ.

"ಯಮ್ಮಾ, ನೀ ಕುಂದರ ಇಲ್ಲಿ. ಬ್ಯಾನಿ ಇಲ್ಲೈತಿ!"

ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದ್ದು ಅಜ್ಜಿಯ ಮೊಣಕಾಲಿಗೆ. ವಾರದಲ್ಲಿ ಇಬ್ಬರೂ ನೆಟ್ಟಗೆ ನಡೆದರು.

೨. ಸಾಲಿ ಆಟ

ಊಟವಾದ ಮೇಲೆ ಕುರ್ಚಿಯಲ್ಲೇ ನಿದ್ದೆ ಹೊಡೆಯುವುದು ನನ್ನ ಚಟ. ತಪ್ಪು ಜೋಳದ ರೊಟ್ಟಿಯದು, ನನ್ನದಲ್ಲ. "ಸಾಹೇಬ್ರು ಬಂದ್ರು!" ಎಂದು ಸಾಲಿ ತಪಾಸಣೆಗೆ ಬರುವ ಸಾಹೇಬರ ಹೆಸರು ಹೇಳಿದರೆ ಮಾತ್ರ ನನಗೆ ಎಚ್ಚರ. ಸಾಲಿ ಬಿಡುವ ಹೊತ್ತಿಗೆ ಹಾಗೆ ಕೂಗುವ ಕೆಲಸವನ್ನು ಬಡಗಿಯ ಮಗಳಿಗೆ ವಹಿಸಿದ್ದೆ.

ಒಂದು ರವಿವಾರ ನಾನು ಬಡಗಿಯ ಮನೆಗೆ ಹೋದಾಗ ಅಂಗಳದಲ್ಲಿ ಮಕ್ಕಳು ಸಾಲಿ ಆಟ ಆಡುತ್ತಿದ್ದರು. ಇವಳೇ ಮಾಸ್ತರ. ಅಪ್ಪನ ರುಮಾಲು ಸುತ್ತಿಕೊಂಡು, "ಮಗ್ಗಿ ಬರೀರಿ" ಎಂದವಳೇ ಗೊರಕೆ ಹೊಡೆದಳು. ತಮ್ಮ "ಸಾಹೇಬ್ರು ಬಂದ್ರು!" ಎಂದು ಕೂಗಿದ. ಇವಳು ಜಿಗಿದೆದ್ದು, "ಎರಡೊಂದ್ಲೆ ಎರಡು!" ಎಂದು ಅರಚಿದಳು.

ಅವಳ ಅವ್ವ ನನ್ನ ಕಡೆ ತಿರುಗಿ, "ಮಾಸ್ತರ್ರ, ಸಾಲ್ಯಾಗ ಹಿಂಗ ಕಲಸ್ತೀರೇನ್ರಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ಇಲ್ಲಬೇ, ಅಲ್ಲಿ ಜೊಲ್ಲೂ ಸುರಸ್ತಾರ."

೩. ಸಾಹೇಬರು ಬಂದರು

ಕೊನೆಗೊಮ್ಮೆ ಸಾಹೇಬರು ನಿಜವಾಗಿಯೂ ಬಂದರು. ಅವರು ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯದ ಶೆರಾ ಬರೆದರೆ ನನ್ನ ನೌಕರಿ ಕಾಯಂ, ಇಲ್ಲವಾದರೆ ಊರಿಗೆ ಹೋಗಿ ಎಮ್ಮೆ ಕಾಯಬೇಕು. ಹೆದರಿಕೆಗೆ ನನ್ನ ನಿದ್ದೆ ಹಾರಿಹೋಗಿತ್ತು.

ಸಾಹೇಬರು ಗೌಡರ ಮನೆಯಲ್ಲಿ ಶೇಂಗಾ ಹೋಳಿಗೆ ಉಂಡು ಬಂದು ನನ್ನ ಕುರ್ಚಿಯಲ್ಲಿ ಕೂತರು. "ಮಗ್ಗಿ ಬರೀರಿ" ಎಂದರು. ಐದು ನಿಮಿಷದಲ್ಲಿ ಗೊರಕೆ ಶುರು! ಎಬ್ಬಿಸುವ ಧೈರ್ಯ ನನಗೆಲ್ಲಿಯದು? ಕೈಕಟ್ಟಿ ನಿಂತೆ.

ಸಾಲಿ ಬಿಡುವ ಹೊತ್ತಾಯಿತು. ಬಡಗಿಯ ಮಗಳು ರೂಢಿಯಂತೆ ಎದ್ದು ಹೋಗಿ ಅವರ ತೋಳು ಅಲುಗಿಸಿದಳು.

"ಏಳ್ರೀ! ಸಾಹೇಬ್ರು ಬಂದ್ರು!"

ನನ್ನ ನೌಕರಿ ಹೋಯಿತೆಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು, ಸೀಮೆಸುಣ್ಣದ ಖಡು ಹಿಡಿದು, ಹಲಗೆಯ ಮುಂದೆ ನಿಂತು ಅರಚುತ್ತಿದ್ದರು:

"ಎರಡೊಂದ್ಲೆ ಎರಡು!"

ಇಪ್ಪತ್ತರವರೆಗೆ ಹೇಳಿ ಮುಗಿಸಿ ಮೆಲ್ಲಗೆ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಬೆವರು ಒರೆಸಿಕೊಂಡು ನನ್ನ ಕಿವಿಯಲ್ಲಿ, "ನಾನೂ ಹನ್ನೆರಡು ವರ್ಷ ಮಾಸ್ತರಕಿ ಮಾಡೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದರು.

ಆಮೇಲೆ ಶೆರಾ ಬರೆದರು: "ಮಾಸ್ತರರನ್ನು ಕಾಯಂ ಮಾಡಬಹುದು. ಈ ಸಾಲೆಯಲ್ಲಿ ಮಕ್ಕಳಾದರೂ ಎಚ್ಚರವಾಗಿದ್ದಾರೆ."