ಒಂಬತ್ತನೆಯ ಮರಿಯ ಬಣ್ಣ

ಸಂಜೆ ಐದು ಗಂಟೆ ನಲವತ್ತೆರಡು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಮೂಡಲಗಿಯ ಶಾಲೆಯಿಂದ ಆಗಷ್ಟೇ ಬಂದು, ಸ್ಕೂಟಿ ನಿಲ್ಲಿಸಿ, ಮೊಬೈಲ್ ತೆಗೆದು ಹೊತ್ತು ನೋಡುತ್ತಿದ್ದೆ. ಅದೇ ಕ್ಷಣಕ್ಕೆ ನಮ್ಮತ್ತೆಯ ಗಿನಿ ಕೋಳಿಗಳೆಲ್ಲ ಒಮ್ಮೆಲೇ ಕಿರುಚಿಕೊಂಡವು. ಮುಂದಿನ ಒಂದೂವರೆ ನಿಮಿಷವನ್ನು ನೆನೆದರೆ ಈಗಲೂ ನನ್ನ ಅಂಗಾಲು ತಣ್ಣಗಾಗುತ್ತದೆ. ಆದರೆ ಅದಕ್ಕೆ ಮೊದಲು ನಮ್ಮತ್ತೆಯ ಪರಿಚಯ ಆಗಲೇಬೇಕು. ಆಕೆಯನ್ನು ತಿಳಿಯದೆ ಅಂದು ಬಂದ ಹಾವನ್ನಷ್ಟೇ ತಿಳಿದುಕೊಂಡು ಏನು ಮಾಡುತ್ತೀರಿ!

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಭವಿಷ್ಯ ಹೇಳುತ್ತಾಳೆ. ಮನುಷ್ಯರದ್ದಲ್ಲ. ಮನುಷ್ಯರ ವಿಷಯದಲ್ಲಿ ಆಕೆ ಹೇಳಿದ್ದು ಒಂದೂ ಖರೆಯಾಗಿಲ್ಲ. ನಾನು ದೊಡ್ಡ ಡಾಕ್ಟರಾಗುತ್ತೇನೆ ಅಂದಿದ್ದಳು. ನಾನು ಐದನೇ ಇಯತ್ತೆಯ ಮಕ್ಕಳಿಗೆ ಕಪ್ಪೆಯ ಚಿತ್ರ ಬರೆಸುತ್ತಿದ್ದೇನೆ. ಆದರೆ ನಿನ್ನೆ ಮೊಟ್ಟೆಯೊಡೆದು ಬಂದ ಗಿನಿ ಕೋಳಿ ಮರಿಯೊಂದನ್ನು ಆಕೆಯ ಅಂಗೈಗೆ ಕೊಟ್ಟು ನೋಡಿ! ಮೂರು ತಿಂಗಳ ನಂತರ ಅದರ ಗರಿ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ನಿಂತ ಕಾಲ ಮೇಲೆ ಹೇಳಿಬಿಡುತ್ತಾಳೆ.

ಇದರಲ್ಲಿ ಆಶ್ಚರ್ಯವೇನು ಅಂದುಕೊಂಡಿರಾ? ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಬೇಕರಿಯ ಕೇಕಿನಲ್ಲಿ ತತ್ತಿ ಇದೆಯೋ ಇಲ್ಲವೋ ಎಂದು ಅಂಗಡಿಯವನನ್ನು ಮೂರು ಸಲ ಕೇಳಿ, ಮೂರನೆಯ ಸಲವೂ ನಂಬದೆ ಬರೀ ಖಾರಿ ತೆಗೆದುಕೊಂಡು ಬರುವ ಹೆಂಗಸು ಈಕೆ. ಅಂಥವಳು ಒಂದು ದಿನ ಹುಕ್ಕೇರಿ ಸಂತೆಗೆ ಮೆಣಸಿನಕಾಯಿ ತರಲು ಹೋದವಳು, ಮೆಣಸಿನಕಾಯಿ ಬಿಟ್ಟು, ಕಿಚಿಕಿಚಿ ಅನ್ನುವ ಕರದಂಟು ಮಿಠಾಯಿಯ ರಟ್ಟಿನ ಡಬ್ಬಿ ಹಿಡಿದುಕೊಂಡು ಬಸ್ಸಿಳಿದಳು. ಅಪ್ಪ ಹಣೆ ಹಣೆ ಬಡಿದುಕೊಂಡ.

"ಅಕ್ಕಾ, ನಮ್ಮ ಮನ್ಯಾಗ ಕೋಳಿ? ತಿನ್ನವರ‍್ಯಾರು?"

"ತಿನ್ನಾಕ ಅಲ್ಲೋ, ನೋಡಾಕ! ನೀ ಟೀವಿ ತಂದಿಯಲ್ಲ, ಅದನ್ನೇನು ತಿಂತಿ?"

ಕಲ್ಲೋಳಿಯ ಹೊರಗೆ ಕಬ್ಬಿನ ನಡುವೆ ಇರುವ ನಮ್ಮ ತೋಟದ ಮನೆಯಲ್ಲಿ ಅಂದಿನಿಂದ ಶಾಂತಿ ಎಂಬ ಪದಾರ್ಥ ಇಲ್ಲ.

ಆಕೆಯ ಪದ್ಧತಿ ಕೇಳಿ. ಮುಂಜಾನೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆಯಿರುವಾಗಲೇ, ಎಳೆಬಿಸಿಲಿಗೆ ಮರಿಯನ್ನು ಹಿಡಿಯುತ್ತಾಳೆ. ಕನ್ನಡಕ ಮೂಗಿನ ತುದಿಗೆ. ಮೊದಲು ತಲೆಯ ಮೇಲಿನ ಪಟ್ಟೆ, ಆಮೇಲೆ ಎದೆ, ಕೊನೆಗೆ ರೆಕ್ಕೆಯ ತುದಿ. ಕಂದು ಮೈಮೇಲೆ ಕಪ್ಪು ಪಟ್ಟೆಯಿದ್ದರೆ "ಸಜ್ಜಿ ರೊಟ್ಟಿ", ಅಂದರೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಹಾಗೆ ಮಾಸಲು ಮೈ, ತುಂಬ ಬಿಳಿ ಚುಕ್ಕೆ. ತಿಳಿಬೂದು ಮೈಗೆ ಮಸುಕು ಪಟ್ಟೆಯಿದ್ದರೆ "ಒಲಿ ಬೂದಿ". ಪಟ್ಟೆಯೇ ಇಲ್ಲದೆ ಹಳದಿಯಾಗಿದ್ದರೆ "ಜ್ವಾಳದ ಹಿಟ್ಟು", ಬೆಳೆದ ಮೇಲೆ ಅಚ್ಚ ಬಿಳಿ. ತೀರ್ಪು ಕೊಟ್ಟ ಕೂಡಲೇ ಕೌದಿ ಹೊಲಿಯುವ ಡಬ್ಬಿಯಿಂದ ದಾರ ತೆಗೆದು ಮರಿಯ ಕಾಲಿಗೆ ಕಟ್ಟುತ್ತಾಳೆ. ಸಜ್ಜೆರೊಟ್ಟಿಗೆ ಕರಿ ದಾರ, ಬೂದಿಗೆ ನೀಲಿ, ಹಿಟ್ಟಿಗೆ ಬಿಳಿ. ಕಾಲು ದಪ್ಪವಾದಂತೆ ವಾರಕ್ಕೊಮ್ಮೆ ಬಿಚ್ಚಿ ಸಡಿಲ ಮಾಡುತ್ತಾಳೆ.

ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿದ ನಾನು ಒಮ್ಮೆ ಅನುವಂಶೀಯತೆಯ ಬಗ್ಗೆ ಹೇಳಲು ಹೋದೆ.

"ನಿನ್ನ ಪುಸ್ತಕದಾಗ ಎಷ್ಟ ಕೋಳಿ ಅದಾವವ್ವಾ?"

"ಪುಸ್ತಕದಾಗ ಕೋಳಿ ಇರಂಗಿಲ್ಲ ಅತ್ತಿ."

"ಮತ್ತ ಸುಮ್ಮ ಕುಂಡ್ರು!"

ಕೂತೆ.

ಈಗ ಬಾಜೂ ತೋಟದ ಮಾಸ್ತರು. ನಿವೃತ್ತ ಪಿ.ಟಿ. ಮಾಸ್ತರು. ನೌಕರಿ ಮುಗಿದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ತಿಳಿನೀಲಿ ಹೆಣೆದ ಹುರಿಗೆ ಕಟ್ಟಿದ ಸೀಟಿ. ಮುಂಜಾನೆ ಐದಕ್ಕೆ ಕೋಳಿಗಳು ಶುರು ಮಾಡಿದರೆ ಮಾಸ್ತರು ಬೇಲಿಯಾಚೆಯಿಂದ ಸೀಟಿ ಊದಿ "ಸೈಲೆನ್ಸ್!" ಅನ್ನುತ್ತಿದ್ದರು. ಕೋಳಿಗಳಿಗೆ ಹುರುಪು ಬಂದು ಸೀಟಿಗಿಂತ ಎರಡು ಪಟ್ಟು ಕೂಗುತ್ತಿದ್ದವು. ನಲವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮನುಷ್ಯನಿಗೆ ಇದಕ್ಕಿಂತ ಅಪಮಾನ ಬೇಕೆ?

ಒಂದು ದಿನ ಮಾಸ್ತರು ನೇರ ಅಂಗಳಕ್ಕೇ ಬಂದರು.

"ಅಕ್ಕಾರ, ಇವು ಕೋಳಿ ಅಲ್ರಿ, ತುಕ್ಕ ಹಿಡಿದ ರಾಟಿ! ನನಗ ಬಿಪಿ ಐತಿ. ನಿದ್ದಿ ಇಲ್ಲ."

"ಬಿಪಿ ನಿಮಗ ಸೀಟಿ ಊದಿ ಬಂದೈತ್ರಿ ಮಾಸ್ತರ. ಇವು ಕಾವಲಿಗೆ ಅದಾವು. ಹಾವು-ಹುಳ ಬಂದ್ರ ಹೇಳ್ತಾವು."

"ಎಲಿ ಬಿದ್ರೂ ಹೇಳ್ತಾವು! ಮೋಟರ್‌ಸೈಕಲ್ ಬಂದ್ರೂ ಹೇಳ್ತಾವು! ಹೋಗ್ಲಿ, ಒಂಬತ್ತ ಹೊಸಾ ಮರಿಗಿ ದಾರ ಕಟ್ಟೀರಲ್ಲ, ಮೂರ ತಿಂಗಳಿಗೆ ನೋಡೂಣು. ಒಂದರ ಬಣ್ಣ ತಪ್ಪಿದ್ರೂ ಕೋಳಿ ಎಲ್ಲಾ ಹುಕ್ಕೇರಿ ಸಂತಿಗಿ. ಒಪ್ಪಿಗಿ ಏನ್ರಿ?"

"ಒಪ್ಪಿಗಿ! ತಪ್ಪಲಿಲ್ಲಂದ್ರ ನಿಮ್ಮ ಸೀಟಿ ಬಂದ್!"

ಮಾಸ್ತರು ಹೋದ ಮೇಲೆ ಅತ್ತೆಯ ಮುಖ ಸಣ್ಣದಾಯಿತು. "ಸಂತ್ಯಾಗ ಮಾರಿದ ಕೋಳಿ ಯಾರದರ ಗಂಗಾಳಕ್ಕ ಹೋಗ್ತೈತಿ ಅನ್ನೂದು ನನಗ ಗೊತ್ತಿಲ್ಲೇನ? ಸಿಟ್ಟಿನ್ಯಾಗ ಮಾತ ಬಂದಬಿಡ್ತು ನೋಡವ್ವಾ," ಅಂದಳು. ಹಿಂತೆಗೆದುಕೊಳ್ಳಬಹುದಿತ್ತಲ್ಲ? ಇಲ್ಲ. ಆಡಿದ ಮಾತು ಹಿಂದಕ್ಕೆ ತೆಗೆಯುವುದೂ ಒಂದೇ, ಸುಳ್ಳು ಹೇಳುವುದೂ ಒಂದೇ ಆಕೆಗೆ.

ಎಂಟು ಮರಿಗಳು ಹೇಳಿದ ಹಾಗೆ ಕೇಳಿದವು. ಎರಡು ತಿಂಗಳಿಗೆ ಐದು ಸಜ್ಜೆರೊಟ್ಟಿ, ಎರಡು ಬೂದಿ, ಒಂದು ಜೋಳದ ಹಿಟ್ಟು, ಎಲ್ಲ ಪಕ್ಕಾ! ಬಿಳಿ ದಾರದ ಒಂಬತ್ತನೆಯದು ಮಾತ್ರ ತಕರಾರು ತೆಗೆಯಿತು. ಬೆಳೆಬೆಳೆಯುತ್ತ ಅದರ ಬೆನ್ನಿನ ಮೇಲೆ ಬೂದು ಗರಿ ಇಣುಕಿತು. ಆಗ ಅತ್ತೆಗೆ ನೆನಪಾಯಿತು. ಅದು ಮೊಟ್ಟೆಯೊಡೆದ ದಿನ ಮೋಡ ಕವಿದು ಬಿಸಿಲೇ ಬಿದ್ದಿರಲಿಲ್ಲ. ಕರದಂಟಿನ ಡಬ್ಬಿಯೊಳಗೆ ಮರಿಗಳ ಕಾವಿಗೆ ಹಚ್ಚಿದ್ದ ಬಲ್ಬಿನ ಬೆಳಕಿನಲ್ಲೇ ನೋಡಿದ್ದಳು. ಹಳದಿ ಬಲ್ಬಿನ ಕೆಳಗೆ ಬೂದು ಬಣ್ಣವೂ ಹಳದಿಯೇ! ಮಸುಕು ಪಟ್ಟೆಯನ್ನು ಬಲ್ಬು ನುಂಗಿಬಿಟ್ಟಿತ್ತು.

ಗಡುವಿಗೆ ಇನ್ನು ಆರು ದಿನ ಇರುವಾಗ ಆ ಸಂಜೆಯ ಐದು ನಲವತ್ತೆರಡು ಬಂತು.

ಹಿತ್ತಲಲ್ಲಿ ಕಬ್ಬಿನ ಒಣ ಎಲೆ, ಅಂದರೆ ರವದಿ, ಒಟ್ಟಿದ್ದೆವು. ಕೋಳಿಗಳೆಲ್ಲ ಅದರ ಮುಂದೆ ಅರ್ಧಚಂದ್ರಾಕಾರ ನಿಂತು ಕಿರುಚುತ್ತಿದ್ದವು. ನಾನು ಓಡಿದೆನೆ? ಇಲ್ಲ, ದಿನಾ ಇದ್ದದ್ದೇ ಎಂದು ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ! ಕೋಳಿಗಳ ಬಾಯಿ ಮುಚ್ಚಿಸಲು ಓಡಿ ಬಂದವರು ಮಾಸ್ತರು. ಬರಿಗಾಲು, ಕೈಯಲ್ಲಿ ಕಬ್ಬಿನ ಗಳ, ಬಾಯಲ್ಲಿ ಸೀಟಿ. ಕೋಳಿಗಳ ಸಾಲು ದಾಟಿ ರವದಿಯ ಮೇಲೆ ಕಾಲಿಡಲು ಬಲಗಾಲು ಎತ್ತಿದರು.

ಆಗ ಸೀಟಿಯಲ್ಲದ ಇನ್ನೊಂದು ಸೀಟಿ ಕೇಳಿತು. ಕುಕ್ಕರಿನ ಹಬೆ ಬಿಟ್ಟ ಹಾಗೆ, ಉದ್ದಕ್ಕೆ. ರವದಿಯ ಬಣ್ಣದ್ದೇ ಸುರುಳಿಯೊಂದು ರವದಿಯಿಂದ ಬೇರೆಯಾಯಿತು. ಕೊಳಕುಮಂಡಲ! ಪುಸ್ತಕದಲ್ಲಿ ಅದರ ವಿಷದ ಬಗ್ಗೆ ಎರಡು ಪುಟ ಓದಿ ಪಾಸಾದವಳು ನಾನು. ಆದರೆ ಆ ಹೊತ್ತಿಗೆ ಕೂಗಿದವಳು ಅತ್ತೆ.

"ಮಾಸ್ತರ! ಕಾಲ ಇಡಬ್ಯಾಡ್ರಿ! ಹಾಂಗ ನಿಂದ್ರಿ!"

ಎಷ್ಟು ಮಕ್ಕಳನ್ನು ಒಂಟಿಗಾಲಲ್ಲಿ ನಿಲ್ಲಿಸಿದ್ದರೋ ಮಾಸ್ತರು, ಅಷ್ಟೂ ಮಕ್ಕಳ ಪಾಲಿನದನ್ನು ಅಂದು ತಾವೊಬ್ಬರೇ ನಿಂತರು. ಎತ್ತಿದ ಪಾದಕ್ಕೂ ಹಾವಿನ ತಲೆಗೂ ನಡುವೆ ಒಂದು ಮೊಳ ಜಾಗ. ಆ ಒಂದು ಮೊಳದಲ್ಲಿ ಬಂದು ನಿಂತದ್ದು ಆ ಒಂಬತ್ತನೆಯ ಕೋಳಿ. ರೆಕ್ಕೆ ಅಗಲಿಸಿ, ಕತ್ತು ಚಾಚಿ, ಹಾವಿನ ಮುಖದ ಮೇಲೇ ಕಿರುಚಿತು. ಒಂದೂವರೆ ನಿಮಿಷ ಮಾಸ್ತರಿಗೆ ನೋಡಲು ಬೇರೇನೂ ಇರಲಿಲ್ಲ. ಹಾವು, ಬೂದು ಗರಿ, ಕಾಲಿನಲ್ಲಿ ಬಿಳಿ ದಾರ. ಕೊನೆಗೆ ಈ ಗದ್ದಲ ತಡೆಯಲಾರದೆ ಹಾವೇ ಸೋತು ಕಬ್ಬಿನೊಳಗೆ ಹರಿದು ಹೋಯಿತು. ಮಾಸ್ತರು ಕಾಲು ಇಳಿಸಿದವರೇ ಅತ್ತೆ ಕೊಟ್ಟ ನೀರು ಕುಡಿದು ಮನೆಗೆ ಹೋದರು.

ಅಂದಿನಿಂದ ಯಾರಿಗೂ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ನನಗೆ ಆ ಎತ್ತಿದ ಪಾದ ಕಾಣುತ್ತಿತ್ತು. ದಿನಕ್ಕೊಂದು ಸಲ ಅದು ಕೆಳಗೆ ಇಳಿದೇ ಬಿಡುತ್ತಿತ್ತು! ಅತ್ತೆಗೆ ಒಂಬತ್ತನೆಯ ಕೋಳಿಯ ಚಿಂತೆ. ಮಾಸ್ತರಂತೂ ಕೋಳಿ ಕೊಂಯ್ ಅಂದರೆ ಸಾಕು, ಬ್ಯಾಟರಿ ಹಿಡಿದು ಬೇಲಿ ಸುತ್ತುತ್ತಿದ್ದರು. ಸೀಟಿಯ ಸದ್ದು ಮಾತ್ರ ಇಲ್ಲ.

ಗಡುವಿನ ಹಿಂದಿನ ದಿನ ಅತ್ತೆ ಕನ್ನಡಕದ ನಂಬರು ಪರೀಕ್ಷೆ ಮಾಡಿಸಲು ಗೋಕಾಕಕ್ಕೆ ಹೋಗಿ ಸಂಜೆಗೆ ಬಂದಳು. ನಾನೂ ಶಾಲೆಯಲ್ಲಿದ್ದೆ. ಮರುದಿನ ರವಿವಾರ, ಶಾಲೆಗೆ ಸೂಟಿ. ಸಂತೆಗೆ ಒಯ್ಯುವ ಬುಟ್ಟಿಗಳು ಕಟ್ಟೆಯ ಮೇಲೆ ಸಿದ್ಧವಾಗಿದ್ದವು. ಮಾಸ್ತರು ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಬಂದು, ಹಾಜರಿ ಕರೆದ ಹಾಗೆ ಕರೆದರು.

"ಕರಿ ದಾರ, ಸಜ್ಜಿ ರೊಟ್ಟಿ. ಹಾಜರ್! ನೀಲಿ ದಾರ, ಒಲಿ ಬೂದಿ. ಹಾಜರ್!"

ಒಂಬತ್ತನೆಯದು ಬಂತು. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. ಅದರ ಕಾಲಿನಲ್ಲಿ ಬಿಳಿ ದಾರ ಇರಲಿಲ್ಲ. ತಿಳಿನೀಲಿ ಇತ್ತು! ಕೌದಿಯ ದಾರವೂ ಅಲ್ಲ, ಹೆಣೆದ ಹುರಿ. ನಾನು ಮಾಸ್ತರ ಕೊರಳು ನೋಡಿದೆ. ಸೀಟಿ ಸುತಳಿಗೆ ನೇತಾಡುತ್ತಿತ್ತು. ಅಂಗಿಯ ತೋಳಿನ ಅಂಚಿನಿಂದ ಕೋಳಿ ಪರಚಿದ ಕೆಂಪು ಗೀರುಗಳು ಇಣುಕುತ್ತಿದ್ದವು.

"ನೀಲಿ ದಾರ, ಒಲಿ ಬೂದಿ. ಹಾಜರ್! ಒಂಬತ್ತಕ್ಕ ಒಂಬತ್ತು!"

"ಮಾಸ್ತರ," ಅತ್ತೆ ಅಂದಳು, "ನಾ ಇದಕ್ಕ ಬಿಳಿ ಅಂದಿದ್ನಿ. ನಂದ ತಪ್ಪೈತಿ."

"ಏನಂದ್ರಿ?"

"ನಂದ ತಪ್ಪೈತ್ರಿ!"

"ಕೇಳಂಗಿಲ್ರಿ ಅಕ್ಕಾರ. ನಿಮ್ಮ ಕೋಳಿ ಕೂಗಿ ಕೂಗಿ ನನ್ನ ಕಿವಿ ಹೋಗ್ಯಾವು," ಎಂದು ಮಾಸ್ತರು ಸೀಟಿಯನ್ನು ಕೊರಳಿನಿಂದ ತೆಗೆದು ಬುಟ್ಟಿಯೊಳಗೆ ಹಾಕಿ ನಡೆದೇಬಿಟ್ಟರು.

ಅತ್ತೆ ಬಹಳ ಹೊತ್ತು ಆ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹುರಿಯ ಗಂಟನ್ನು ಬಿಚ್ಚಿದಳು. ಕಾಲಿಗೆ ಬಿಗಿಯಾಗದ ಹಾಗೆ ಸ್ವಲ್ಪ ಸಡಿಲಿಸಿ, ಮತ್ತೆ ಅದನ್ನೇ ಕಟ್ಟಿದಳು.

ಮರುದಿನ ನಾನು ಎದ್ದಾಗ ಬಿಸಿಲು ಗೋಡೆಯ ಮೇಲಿತ್ತು. ಪಾದ ಕನಸಿಗೆ ಬಂದಿರಲಿಲ್ಲ. ಅತ್ತೆಯೂ ಆಗಷ್ಟೇ ಎದ್ದು, ಪೂಜೆಗೆ ತಡವಾಯಿತೆಂದು ಗಾಬರಿಯಾಗಿ ಓಡಾಡುತ್ತಿದ್ದಳು. ನೀರು ಹಾಯಿಸಲು ಬಂದವರು ಆಗಲೇ ಹೇಳಿದ್ದರು: ಕೋಳಿಗಳು ಐದಕ್ಕೆ ಸರಿಯಾಗಿ, ಎಂದಿಗಿಂತ ಒಂದು ಕೈ ಹೆಚ್ಚೇ ಕೂಗಿದ್ದವಂತೆ.

ಅಷ್ಟರಲ್ಲಿ ಬೇಲಿಯಾಚೆ ಮಾಸ್ತರು ಕಾಣಿಸಿದರು. ಕೆದರಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಅಕ್ಕಾರ, ಇವತ್ತ ಮುಂಜಾನಿ ಕೋಳಿ ಕೂಗಲಿಲ್ಲೇನ್ರಿ? ಆರಾಮ ಅದಾವಿಲ್ಲ?"

ಅತ್ತೆ ನನ್ನ ಕಡೆಗೊಮ್ಮೆ ನೋಡಿದಳು. ಬೇಕರಿಯವನ ಸುಳ್ಳನ್ನೂ ಮೂರು ಸಲ ಜಾಲಿಸುವ ನಮ್ಮತ್ತೆ ಸೆರಗು ಸರಿಮಾಡಿಕೊಂಡು, ಕಣ್ಣು ಮಿಟುಕಿಸದೆ ಹೇಳಿದಳು:

"ಇಲ್ರಿ ಮಾಸ್ತರ. ಇವತ್ತ ಅವಕ್ಕ ಸೂಟಿ."