ಕರಡಿ ಸೌಟು ಬಿಸಾಡುವವರೆಗೆ

ಹೆಂಡತಿ: ಆ ಕರಡಿಗೆ ತಲೇಲಿ ಏನೂ ಇಲ್ಲ ಅಂತ ಆರು ವರ್ಷದಿಂದ ದಿನಾ ಹೊಟ್ಟೆ ಹಿಡ್ಕೊಂಡು ನಗ್ತಿದ್ರಲ್ಲ, ಈಗ ನೀವು ಮಾಡ್ತಿರೋದೇನು?

ಯಜಮಾನ: ಅದು ಕಾರ್ಟೂನು ಕಣೇ. ಇದು ಕರಾರು.

ಹೆಂಡತಿ: ಅದರಲ್ಲೂ ಕರಾರು ಇತ್ತು. ನರಿಗಳು ತಂದಿದ್ವು.

ಯಜಮಾನ: ಅವು ನರಿ. ನಮ್ಮ ಹೋಟೆಲು ಕೊಳ್ಳೋ ಕಂಪನಿಯವರು ಮರ್ಯಾದಸ್ಥರು. ಮೊನ್ನೆ ಬಂದಾಗ ಕಾಲು ಒರೆಸಿಕೊಂಡು ಒಳಗೆ ಬಂದ್ರು.

ಹೆಂಡತಿ: ನರಿಗಳೂ ಒರೆಸಿಕೊಂಡಿದ್ವು. ನಾಲ್ಕು ಕಾಲೂ.

ಆರು ಮೇಜಿನ ಸಣ್ಣ ಹೋಟೆಲು ಅದು. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆಯ ಮುಂದೆ. ಗೋಡೆಯ ಮೇಲೆ ಒಂದು ಟೀವಿ, ಅದಕ್ಕೆ ಚುಚ್ಚಿದ ಪೆನ್‌ಡ್ರೈವಿನಲ್ಲಿ ಇರುವುದು ಒಂದೇ ಒಂದು ಕಾರ್ಟೂನು: ಕಾಡಿನಲ್ಲಿ ಹೋಟೆಲು ನಡೆಸುವ ಕರಡಿ, ಆ ಹೋಟೆಲು ಕೊಳ್ಳಲು ಬರುವ ನರಿಗಳ ಕಂಪನಿ. ಹನ್ನೊಂದು ನಿಮಿಷದ ಕಥೆ. ಕೊನೆಗೆ ರೋಸಿಹೋದ ಕರಡಿ ಸೌಟು ಬಿಸಾಡುತ್ತದೆ, ಅದು ದೊಡ್ಡ ನರಿಯ ತಲೆಗೆ ಠಣ್ ಎಂದು ಬಡಿಯುತ್ತದೆ. ದಿನಾ ಮಧ್ಯಾಹ್ನ ಕಥೆ ಶುರುವಾದಾಗ ಹೆಂಡತಿ ಬಟಾಣಿ ಸೂಪಿನ ಪಾತ್ರೆ ಮುಚ್ಚುತ್ತಾಳೆ, ಠಣ್ ಕೇಳಿದಾಗ ಒಲೆ ಆರಿಸುತ್ತಾಳೆ. ಆ ಅಡುಗೆಮನೆಗೆ ಬೇರೆ ಗಡಿಯಾರವಿಲ್ಲ, ಇದುವರೆಗೆ ಬೇಕಾಗಿಯೂ ಇರಲಿಲ್ಲ.

ಹೆಂಡತಿ: ನಾಲ್ಕನೇ ಕಲಮು ಓದಿದ್ರಾ?

ಯಜಮಾನ: ಓದಿದೆ. ಸೂಪು ಅವರ ಕಾರ್ಖಾನೆಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತೆ. ನಿನಗೆ ವಿಶ್ರಾಂತಿ.

ಹೆಂಡತಿ: ನಾನು ಕೇಳಿದ್ನಾ ವಿಶ್ರಾಂತೀನ?

ಯಜಮಾನ: ನನ್ನ ಮಂಡಿ ಕೇಳ್ತಿದೆ. ಇಡೀ ದಿನ ನಿಂತು ನಿಂತು ಸವೆದು ಹೋಗಿದೆ.

ಹೆಂಡತಿ: ಹನ್ನೊಂದನೇ ಕಲಮು?

ಯಜಮಾನ: ಅದು ಗೌರವದ ಕೆಲಸ. ನನ್ನ ಹುದ್ದೆ ಸಂಸ್ಥಾಪಕರು. ಬೋರ್ಡಿನ ಮೇಲೆ ನನ್ನ ಮುಖ, ಬಾಗಿಲಷ್ಟು ದೊಡ್ಡದು.

ಹೆಂಡತಿ: ಮುಂದೆ ಓದಿ.

ಯಜಮಾನ: "ಸಂಸ್ಥಾಪಕರು ದಿನಕ್ಕೆ ಏಳು ಗಂಟೆ ಬಾಗಿಲಲ್ಲಿ ನಿಂತು, ತಮ್ಮದೇ ಮುಖವಾಡ ಧರಿಸಿ, ಗಿರಾಕಿಗಳಿಗೆ ಕೈಬೀಸತಕ್ಕದ್ದು."

ಹೆಂಡತಿ: ಮಂಡಿ ಏನಂತು?

ಯಜಮಾನ ಕನ್ನಡಕ ತೆಗೆದ. ನರಿಗಳು ಕರಡಿಗೆ ಕರಡಿಯ ವೇಷ ಹಾಕಿಸಿ ಬಾಗಿಲಲ್ಲಿ ನಿಲ್ಲಿಸುವ ಜಾಗ ಬಂದಾಗಲೆಲ್ಲ ಮೇಜು ಗುದ್ದಿ ಗುದ್ದಿ ನಗುತ್ತಿದ್ದ ಮನುಷ್ಯ ಇವನೇ. ಈಗ ಕನ್ನಡಕ ಒರೆಸುವ ನೆಪದಲ್ಲಿ ತಲೆ ತಗ್ಗಿಸಿ ಕೂತಿದ್ದ.

ಯಜಮಾನ: ಇವರಿಗೂ ಆ ಕಾರ್ಟೂನು ತೋರಿಸ್ತೀನಿ. ನೋಡಿದ್ರೆ ನಾಚಿಕೊಂಡು ಆ ಕಲಮು ಅವರೇ ಹೊಡೆದುಹಾಕ್ತಾರೆ.

ಹೆಂಡತಿ: ನಾಚಿಕೆ ಇರೋರು ಹನ್ನೊಂದನೇ ಕಲಮಿನವರೆಗೂ ಬರ್ತಾರೇನ್ರೀ?

ಅಷ್ಟರಲ್ಲಿ ಕಂಪನಿಯವರೊಬ್ಬರು ಬಂದರು. ಕತ್ತಿನಲ್ಲಿ ಟೈ, ಕೈಯಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಎಲ್ಲ ಊರಿನಲ್ಲೂ ಒಂದೇ ಅಳತೆಗೆ ಹಂಚುವ ನಗು. ಈ ಸಲವೂ ಕಾಲು ಒರೆಸಿಕೊಂಡರು.

ಟೈಯವರು: ಸಹಿ ರೆಡಿನಾ ಸರ್?

ಯಜಮಾನ: ರೆಡಿನೇ. ಮೊದಲು ಹನ್ನೊಂದು ನಿಮಿಷ ಕೂತ್ಕೊಳ್ಳಿ ಸಾರ್. ಒಂದು ಕಥೆ ಇದೆ.

ಹೆಂಡತಿ: ಹಚ್ಚಿ. ನಾನು ಪಾತ್ರೆ ಮುಚ್ತೀನಿ.

ಆಕೆ ಒಳಗೆ ಹೋದಳು. ಒಳಗಿನಿಂದ ನಲ್ಲಿಯ ಸದ್ದು, ತಟ್ಟೆಗಳ ಸದ್ದು ಶುರುವಾಯಿತು. ಆ ಗದ್ದಲವನ್ನು ಮೀರಿ ಆಕೆಯ ಕಿವಿಗೆ ಮುಟ್ಟುವುದು ಆ ಠಣ್ ಒಂದೇ. ಟೀವಿಯಲ್ಲಿ ನರಿಗಳು ಟೇಪು ಹಿಡಿದು ಕರಡಿಯ ಹೋಟೆಲನ್ನು ಅಳೆಯತೊಡಗಿದವು. ಕರಡಿಯ ಸೌಟು ಉದ್ದವಾಯಿತೆಂದು ಅರ್ಧ ಕತ್ತರಿಸಿದವು. ಯಜಮಾನ ನಕ್ಕ. ಟೈಯವರು ನಗಲಿಲ್ಲ, ಪೆನ್ನು ತೆಗೆದರು.

ಯಜಮಾನ: ಏನ್ ಬರ್ಕೊಂಡ್ರಿ?

ಟೈಯವರು: ಸೌಟಿನ ಅಳತೆ. ನಮ್ಮಲ್ಲಿ ಇದನ್ನ ಯಾರೂ ಯೋಚನೆ ಮಾಡಿಲ್ಲ ಸರ್.

ಯಜಮಾನ: ಅದು ತಮಾಷೆ ಸಾರ್.

ಟೈಯವರು: ತಮಾಷೆ ಹೇಗಾಗುತ್ತೆ? ದಿನಕ್ಕೆ ಎಷ್ಟು ಸೂಪು ಉಳೀತು ನೋಡಿ.

ನರಿಗಳು ಕುರ್ಚಿಗಳ ಮುಂದಿನ ಎರಡು ಕಾಲನ್ನು ಗರಗಸದಿಂದ ಕೊಯ್ದವು. ಕೂತ ಮೊಲ ಸರ್ರನೆ ಜಾರಿ, ಬಾಗಿಲು ದಾಟಿ, ರಸ್ತೆಗೆ ಬಿತ್ತು. ತಕ್ಷಣ ಆ ಕುರ್ಚಿಗೆ ಇನ್ನೊಂದು ಮೊಲ ಬಂದು ಕೂತಿತು.

ಟೈಯವರು: ಇದು ನೋಡಿ ಸರ್. ಒಂದು ಸಲ ಹಿಂದೆ ಹೋಗಿ. ಎಷ್ಟು ಇಳಿಜಾರು ಕೊಟ್ಟಿದ್ದಾರೆ?

ಯಜಮಾನ: ನಿಮಗೆ ನಗು ಬರಲಿಲ್ವಾ?

ಟೈಯವರು: ಯಾಕೆ ಬರಬೇಕು? ಪಾಪ, ಅಷ್ಟು ಜನ ನರಿಗಳು ಒಂದಾಗಿ ದುಡೀತಿದಾವೆ. ಒಂದು ಮಾತು ಕೇಳ್ತೀನಿ, ಈ ಕರಡಿಗೆ ಏನು ತೊಂದರೆ? ಯಾವಾಗ ನೋಡಿದ್ರೂ ಮುಖ ಊದಿಸಿಕೊಂಡಿದೆ.

ಯಜಮಾನ: ಅದರ ಹೋಟೆಲು ಹೋಯ್ತಲ್ಲ ಸಾರ್.

ಟೈಯವರು: ಹೋಗಿಲ್ಲ. ಬೋರ್ಡಿನ ಮೇಲೆ ಅದರ ಮುಖಾನೇ ಇದೆ. ಹುದ್ದೆ ಕೊಟ್ಟಿದ್ದಾರೆ, ವೇಷ ಕೊಟ್ಟಿದ್ದಾರೆ. ಇನ್ನೇನು ಬೇಕಂತೆ ಅದಕ್ಕೆ?

ಆರು ವರ್ಷದಲ್ಲಿ ಈ ಕಥೆಯನ್ನು ಲಾರಿಯವರು ನೋಡಿದ್ದರು, ಪೋಸ್ಟಿನವರು ನೋಡಿದ್ದರು, ನಗುವುದನ್ನೇ ಮರೆತ ಲೆಕ್ಕದ ಮೇಷ್ಟ್ರು ನೋಡಿ ಸೂಪು ಮೂಗಿಗೇರಿಸಿಕೊಂಡಿದ್ದರು. ನರಿಗಳ ಪರವಾಗಿ ಕಣ್ಣೀರು ಹಾಕುವವನು ಇವನೊಬ್ಬನೇ. ಯಜಮಾನನಿಗೆ ಮೈಯೆಲ್ಲ ಉರಿಯಿತು, ಆದರೆ ಬಾಗಿಲಷ್ಟು ದೊಡ್ಡ ಮುಖ ನೆನಪಾಗಿ ಸಿಟ್ಟು ನುಂಗಿಕೊಂಡ.

ಟೈಯವರು: ಸಾಕು ಸರ್, ಅರ್ಥ ಆಯ್ತು.

ಅಂದವರೇ ಎದ್ದು ಟೀವಿ ಆರಿಸಿದರು. ಕರಡಿ ಇನ್ನೂ ವೇಷ ಹಾಕಿಕೊಂಡು ಬಾಗಿಲಲ್ಲೇ ನಿಂತಿತ್ತು. ಲ್ಯಾಪ್‌ಟಾಪು ತೆರೆದು ಟೈಯವರು ಲಾಭದ ಚಿತ್ರ ತೋರಿಸತೊಡಗಿದರು. ಬಣ್ಣಬಣ್ಣದ ಕಂಬಗಳು ಮೇಲಕ್ಕೆ ಮೇಲಕ್ಕೆ ಏರುತ್ತಿದ್ದವು. ಯಾವ ಕಂಬದಲ್ಲೂ ಸೂಪು ಇರಲಿಲ್ಲ. ಯಜಮಾನ ತಲೆಯಾಡಿಸಿದ, ಪೆನ್ನು ತೆಗೆದುಕೊಂಡ, ಒಂಬತ್ತು ಹಾಳೆಗೆ ಸಹಿ ಹಾಕಿದ. ಹತ್ತನೆಯದಕ್ಕೆ ಬಂದಾಗ ಮೂಗು ಮೇಲೆತ್ತಿದ.

ಯಜಮಾನ: ಏನೋ ಸೀದ ವಾಸನೆ.

ಹೆಂಡತಿ ಎರಡು ಬಟ್ಟೆಯಲ್ಲಿ ಪಾತ್ರೆ ಹಿಡಿದು ಬಂದು ಮೇಜಿನ ಮೇಲೆ ಕುಕ್ಕಿದಳು. ತಳದಲ್ಲಿ ಬಟಾಣಿ ಸೂಪು ರಸ್ತೆಗೆ ಹಾಕುವ ಡಾಂಬರಿನಷ್ಟು ಕಪ್ಪಗಿತ್ತು.

ಹೆಂಡತಿ: ಠಣ್ ಎಲ್ಲಿ?

ಯಜಮಾನ: ಯಾವ ಠಣ್?

ಹೆಂಡತಿ: ಕರಡಿ ಸೌಟು ಬಿಸಾಡಲಿಲ್ಲ ಇವತ್ತು. ಯಾಕೆ?

ಟೈಯವರು: ಮೇಡಂ, ಇದಕ್ಕೇ ಹೇಳೋದು. ನಮ್ಮ ಕಿಚನ್ನಿನಲ್ಲಿ ಟೈಮರ್ ಇರುತ್ತೆ.

ಹೆಂಡತಿ: ನಮ್ಮಲ್ಲೂ ಇತ್ತು. ನೀವೇ ಆರಿಸಿದ್ರಿ.

ಟೈಯವರು: ಹೇಗೂ ಅದು ಹೋಗೋದೇ ತಾನೆ. ಹದಿನಾಲ್ಕನೇ ಕಲಮು. ಟೀವಿಯಲ್ಲಿ ಇನ್ನು ಮುಂದೆ ಕಂಪನಿಯ ಜಾಹೀರಾತು ಮಾತ್ರ.

ಯಜಮಾನನ ಕೈ ಹಾಳೆಯ ಮೇಲೆ ನಿಂತಿತು.

ಯಜಮಾನ: ಕರಡಿ?

ಟೈಯವರು: ಕರಡಿ ಇರಲ್ಲ ಸರ್.

ಯಜಮಾನ: ಮಧ್ಯಾಹ್ನ ಒಂದು ಸಲ?

ಟೈಯವರು: ಒಂದು ಸಲಾನೂ ಇಲ್ಲ.

ಯಜಮಾನ ಸಹಿ ಹಾಕಿದ ಒಂಬತ್ತು ಹಾಳೆಯನ್ನೂ ನಿಧಾನವಾಗಿ ಜೋಡಿಸಿದ. ಅಂಚು ಸರಿಮಾಡಿದ. ಆಮೇಲೆ ಪಾತ್ರೆ ಎತ್ತಿ ಅವುಗಳ ಮೇಲೆ ಇಟ್ಟ. ತಳದ ಮಸಿ ಮೊದಲ ಹಾಳೆಗೆ ಅಂಟಿತು, ಬಿಸಿ ಒಂಬತ್ತನೆಯದರವರೆಗೂ ಇಳಿಯಿತು.

ಟೈಯವರು: ಸರ್, ಅದು ಒರಿಜಿನಲ್.

ಯಜಮಾನ: ಪಾತ್ರೆನೂ ಒರಿಜಿನಲ್ಲೇ. ನೀವು ಹೊರಡಿ ಸಾರ್. ಹೋಗ್ತಾ ಕಾಲು ಒರೆಸಿಕೊಳ್ಳಿ, ನಮ್ಮ ಮಸಿ ನಿಮ್ಮ ಆಫೀಸಿಗೆ ಬೇಡ.

ಟೈಯವರು ಲ್ಯಾಪ್‌ಟಾಪು ಮುಚ್ಚಿ ಬಾಗಿಲವರೆಗೆ ಹೋದರು. ಅಲ್ಲಿ ನಿಂತು ತಿರುಗಿದರು.

ಟೈಯವರು: ಬೇಜಾರಿಲ್ಲ ಸರ್. ಆ ಕಾರ್ಟೂನಿನ ಒಂದು ಕಾಪಿ ಸಿಗುತ್ತಾ? ಹೊಸದಾಗಿ ಸೇರೋರಿಗೆ ತರಬೇತಿಯಲ್ಲಿ ತೋರಿಸ್ತೀವಿ.

ಹೆಂಡತಿ: ಕೊನೇವರೆಗೂ ನೋಡಿದ್ರಾ ಅದನ್ನ?

ಟೈಯವರು: ಇಲ್ಲ. ಕೊನೇಲಿ ಏನಾಗುತ್ತೆ?

ಹೆಂಡತಿ ಸೊಂಟದಿಂದ ಸೌಟು ತೆಗೆದಳು. ಟೈಯವರು ಕಾಪಿಯ ಮಾತು ಅಲ್ಲಿಗೇ ಬಿಟ್ಟು ಬೇಗ ಬೇಗ ಮೆಟ್ಟಿಲಿಳಿದರು. ಗಂಡ ಹೆಂಡತಿ ಇಬ್ಬರೇ ಉಳಿದರು, ನಡುವೆ ಸೀದ ಪಾತ್ರೆ.

ಹೆಂಡತಿ: ನನ್ನ ಅಡುಗೆ ಹೋಗುತ್ತೆ ಅಂದಾಗ ಹೂಂ. ನಿಮ್ಮ ಗಲ್ಲಾ ಹೋಗುತ್ತೆ ಅಂದಾಗ ಹೂಂ. ಕರಡಿ ಹೋಗುತ್ತೆ ಅಂದಾಗ ಮಾತ್ರ ಉಹೂಂ. ಚೆನ್ನಾಗಿದೆ ರೀ. ಮದುವೆ ಆಗಿದ್ದು ನನ್ನನ್ನೋ ಅದನ್ನೋ?

ಯಜಮಾನ: ಹಾಗಲ್ಲ ಕಣೇ. ಕರಡಿ ಇಲ್ಲದೆ ನಿನ್ನ ಸೂಪು ಕೆಡುತ್ತೆ ಅಂತ ಇವತ್ತು ಕಣ್ಣಾರೆ ನೋಡಿದೆನಲ್ಲ. ನಿನ್ನ ಸೂಪಿಗೋಸ್ಕರನೇ ಬೇಡ ಅಂದಿದ್ದು.

ಮಾತು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು, ಆದರೂ ಹೆಂಡತಿಗೆ ಅದು ಇಷ್ಟವಾಯಿತು. ಆಕೆ ಪಾತ್ರೆಯನ್ನು ಅವನ ಮುಂದಕ್ಕೆ ತಳ್ಳಿ, ಮೇಲೆ ಉಜ್ಜುವ ನಾರು ಇಟ್ಟು, ಟೀವಿ ಹಚ್ಚಿದಳು. ಕಥೆ ಮತ್ತೆ ಮೊದಲಿನಿಂದ ಶುರುವಾಯಿತು.

ಹೆಂಡತಿ: ಉಜ್ಜಿ. ಕರಡಿ ಸೌಟು ಬಿಸಾಡೋವರೆಗೂ ಕೈ ನಿಲ್ಲಬಾರದು.